‘ಇವರಿಗೆ ಮನೆಯ ಮೇಲೆ ಆಸಕ್ತಿಯೇ ಇಲ್ಲ’: ಗೊರಕೆಯ ಹಿಂದಿದ್ದ ಕಾಯಿಲೆ

ಐವತ್ತರ ಆಸುಪಾಸಿನ ಬಟ್ಟೆ ವ್ಯಾಪಾರಿಯೊಬ್ಬರನ್ನು ಅವರ ಪತ್ನಿ ಆಪ್ತಸಲಹೆಗೆ ಕರೆತಂದದ್ದು ದಾಂಪತ್ಯದ ಸಮಸ್ಯೆಯೆಂದೇ ಭಾವಿಸಿ. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.) ಪತಿ ಸಣ್ಣ ಮಾತಿಗೂ ಸಿಡುಕುತ್ತಾರೆ, ಗಲ್ಲಾದ ಮುಂದೆ ಕುಳಿತಲ್ಲೇ ತೂಕಡಿಸುತ್ತಾರೆ, ಮಗಳನ್ನು ನೋಡಲು ಬಂದವರ ಎದುರೇ ನಿದ್ದೆಹೋದರು, ತಮ್ಮ ಬಳಿ ಬರುವುದನ್ನೂ ಬಿಟ್ಟಿದ್ದಾರೆ ಎಂದು ಆಕೆ ದೂರಿದರು. “ಇವರಿಗೆ ಮನೆಯ ಮೇಲೆ ಆಸಕ್ತಿಯೇ ಇಲ್ಲ ಮೇಡಂ” ಎನ್ನುವಾಗ ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಗೊರಕೆಯ ಕಾಟಕ್ಕೆ ಅವರು ಕೆಲವು ತಿಂಗಳುಗಳಿಂದ ಪಡಸಾಲೆಯಲ್ಲಿ ಮಲಗುತ್ತಿದ್ದರು; ಪತಿ ಅದನ್ನು ತಿರಸ್ಕಾರವೆಂದು ತಿಳಿದು ಒಳಗೊಳಗೇ ಕುದಿಯುತ್ತಿದ್ದರು.

ಹಗಲಿನ ತೂಕಡಿಕೆಯ ಮಾತು ಬಂದಾಗ ನಾನು ರಾತ್ರಿಯ ಬಗ್ಗೆ ಕೇಳುವುದು ವಾಡಿಕೆ. ಗೊರಕೆ ಹೇಗಿರುತ್ತದೆ ಎಂದು ವಿಚಾರಿಸಿದೆ. “ಜೋರಾಗಿ ಹೊಡೆಯುತ್ತಿರುತ್ತಾರೆ, ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಉಸಿರೇ ಕೇಳಿಸುವುದಿಲ್ಲ. ಎದ್ದು ಹೋಗಿ ಅಲುಗಾಡಿಸಬೇಕು ಅನ್ನುವಷ್ಟರಲ್ಲಿ ಗಕ್ಕನೆ ಉಸಿರೆಳೆದುಕೊಂಡು ಹೊರಳುತ್ತಾರೆ, ಮತ್ತೆ ಶುರು” ಎಂದರು. ಪಡಸಾಲೆಗೆ ಹೋದ ಮೇಲೂ ಆ ಮೌನಕ್ಕೆ ಹೆದರಿ ಬಾಗಿಲು ತೆರೆದಿಟ್ಟು ಕಿವಿಗೊಟ್ಟು ಮಲಗುತ್ತಿದ್ದರಂತೆ. ಪತಿಗೆ ಇದು ತಿಳಿದದ್ದು ಅಂದೇ. ಅವರು ಹೆಂಡತಿಯ ಮುಖವನ್ನೇ ನೋಡುತ್ತ ಕುಳಿತರು.

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಕಿರಿದಾದಾಗ ಗಾಳಿಗೆ ಅಲ್ಲಿನ ಮೃದುಭಾಗಗಳು ಕಂಪಿಸಿ ಗೊರಕೆ ಹುಟ್ಟುತ್ತದೆ. ಎಲ್ಲ ಗೊರಕೆಯೂ ಕಾಯಿಲೆಯಲ್ಲ. ಆದರೆ ಆ ದಾರಿ ಪೂರ್ತಿ ಮುಚ್ಚಿಕೊಂಡು ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹೊತ್ತು ಗಾಳಿಯೇ ಹೋಗದಿದ್ದರೆ, ರಕ್ತದ ಆಮ್ಲಜನಕ ಇಳಿದು, ಮೆದುಳು ಕ್ಷಣಕಾಲ ಎಚ್ಚೆತ್ತು ಉಸಿರನ್ನು ಮರಳಿ ಆರಂಭಿಸಬೇಕಾಗುತ್ತದೆ. ಇದು ಸ್ಲೀಪ್ ಅಪ್ನಿಯಾ. ರಾತ್ರಿಯಿಡೀ ಹೀಗೆ ಚೂರುಚೂರಾದ ನಿದ್ರೆ ಮಲಗಿದವರ ನೆನಪಿಗೇ ಬರುವುದಿಲ್ಲವಾದ್ದರಿಂದ, ಪಕ್ಕದಲ್ಲಿದ್ದವರ ಸಾಕ್ಷಿ ಇಲ್ಲಿ ಬಹಳ ಮುಖ್ಯ. ಗೊರಕೆಯನ್ನು ಗಾಢನಿದ್ರೆಯ ಗುರುತೆಂದು ತಿಳಿಯುವ ನಮ್ಮ ಮನೆಗಳಲ್ಲಿ ಆ ಸಾಕ್ಷಿಯನ್ನು ಯಾರೂ ಕೇಳುವುದಿಲ್ಲ ಎಂಬುದು ನನ್ನನ್ನು ಸದಾ ಕಾಡುವ ಸಂಗತಿ.

ಉಳಿದ ಲಕ್ಷಣಗಳೂ ಒಂದೊಂದಾಗಿ ಹೊರಬಂದವು: ಬೆಳಿಗ್ಗೆ ತಲೆನೋವು, ಒಣಗಿದ ಬಾಯಿ, ರಾತ್ರಿ ಮೂತ್ರಕ್ಕೆ ಮತ್ತೆ ಮತ್ತೆ ಏಳುವುದು, ಎರಡು ಮಾತ್ರೆ ನುಂಗಿದರೂ ಹತೋಟಿಗೆ ಬಾರದ ಬಿ.ಪಿ. ಕತ್ತಿನ ಸುತ್ತಳತೆ ಕೇಳಿದಾಗ, ಅಂಗಡಿಯಲ್ಲಿ ತಮಗಾಗಿ ಎತ್ತಿಡುವ ಅಂಗಿಯ ಕಾಲರ್ ಅಳತೆ 40ರಿಂದ 44 ಸೆಂಟಿಮೀಟರ್‌ಗೆ ಏರಿದೆ ಎಂದರು. 40 ಸೆಂಟಿಮೀಟರ್ ದಾಟಿದ ಕತ್ತು ಈ ಕಾಯಿಲೆಯ ಸಾಧ್ಯತೆಯನ್ನು ಹೆಚ್ಚಿಸುವ ಅಂಶಗಳಲ್ಲೊಂದು. ಎಂಟು ಸನ್ನಿವೇಶಗಳಲ್ಲಿ ತೂಕಡಿಕೆಯನ್ನು ಅಳೆಯುವ ಎಪ್‌ವರ್ತ್ ಪ್ರಶ್ನಾವಳಿಯಲ್ಲಿ ಅವರಿಗೆ 24ಕ್ಕೆ 17 ಅಂಕ ಬಂತು. 10ಕ್ಕಿಂತ ಹೆಚ್ಚಾದರೆ ವೈದ್ಯರನ್ನು ಕಾಣಬೇಕು. ಬೈಕಿನಲ್ಲಿ ಬರುವಾಗ ಮಂಪರು ಹತ್ತಿ ರಸ್ತೆಯಂಚಿಗೆ ಇಳಿದದ್ದನ್ನು ಅವರು ಕೊನೆಗೆ, ಬಹಳ ಸಂಕೋಚದಿಂದ ಹೇಳಿದರು.

ರೋಗನಿರ್ಣಯ ನನ್ನ ಕೆಲಸವಲ್ಲ. ಆದ್ದರಿಂದ ನಿದ್ರಾರೋಗಗಳನ್ನು ನೋಡುವ ಶ್ವಾಸಕೋಶ ತಜ್ಞರಿಗೆ ಪತ್ರ ಬರೆದುಕೊಟ್ಟೆ. ಅಲ್ಲಿಯವರೆಗೆ ಬೈಕು, ಕಾರು ಮುಟ್ಟಕೂಡದು, ಗಂಟಲನ್ನು ಇನ್ನಷ್ಟು ಸಡಿಲಿಸುವ ಮದ್ಯವನ್ನು ಬಿಡಬೇಕು, ನಿದ್ರೆ ಸಾಲದೆಂದು ತಾವೇ ಕೊಂಡು ನುಂಗುತ್ತಿದ್ದ ಮಾತ್ರೆಯ ವಿಷಯವನ್ನು ವೈದ್ಯರಿಂದ ಮುಚ್ಚಿಡಬಾರದು, ಅಂಗಾತ ಮಲಗದೆ ಮಗ್ಗುಲಾಗಿ ಮಲಗಬೇಕು ಎಂದು ತಿಳಿಸಿದೆ. ಪತ್ನಿಗೆ ಹೇಳಿದ್ದು ಒಂದೇ: ಈ ಸಿಡುಕನ್ನು ಸದ್ಯಕ್ಕೆ ಸ್ವಭಾವವೆಂದು ತೀರ್ಮಾನಿಸಬೇಡಿ.

ಒಂದು ರಾತ್ರಿಯ ನಿದ್ರಾ ಪರೀಕ್ಷೆಯಲ್ಲಿ ಗಂಟೆಗೆ 46 ಬಾರಿ ಉಸಿರು ನಿಲ್ಲುವುದೋ ಕುಗ್ಗುವುದೋ ಕಂಡುಬಂತು. ವಯಸ್ಕರಲ್ಲಿ 5ಕ್ಕಿಂತ ಕಡಿಮೆಯಿದ್ದರೆ ಸಹಜ, 30 ದಾಟಿದರೆ ತೀವ್ರ. ವೈದ್ಯರು ಸೂಚಿಸಿದ್ದು ಸಿಪ್ಯಾಪ್ ಯಂತ್ರವನ್ನು. ಮಾಸ್ಕಿನ ಮೂಲಕ ಒತ್ತಡದ ಗಾಳಿ ಹಾಯಿಸಿ ಗಂಟಲು ಮುಚ್ಚಿಕೊಳ್ಳದಂತೆ ತಡೆಯುವ ಈ ವಿಧಾನವನ್ನು ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದರು. ತೀವ್ರತೆ ಕಡಿಮೆಯಿದ್ದವರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನ ಸಾಕಾಗಬಹುದು. ಟಾನ್ಸಿಲ್ ದಪ್ಪಗಾದ ಮಕ್ಕಳಲ್ಲಿ ಶಸ್ತ್ರಚಿಕಿತ್ಸೆಯೇ ಹೆಚ್ಚಾಗಿ ಮೊದಲ ಆಯ್ಕೆ.

ಆಪ್ತಸಲಹೆಯ ನಿಜವಾದ ಕೆಲಸ ಶುರುವಾದದ್ದು ಯಂತ್ರ ಮನೆಗೆ ಬಂದ ಮೇಲೆ. ಮೂಗಿನ ಮೇಲೆ ಪಟ್ಟಿ ಬಿಗಿದುಕೊಂಡು ಹೆಂಡತಿಯ ಎದುರು ಮಲಗುವುದಕ್ಕೆ ಅವರಿಗೆ ನಾಚಿಕೆ; ತಾವು ಆಸ್ಪತ್ರೆಯ ರೋಗಿಯಂತೆ ಕಾಣುತ್ತೇವೆಂಬ ಕೊರಗು. ನಡುರಾತ್ರಿ ಕಿತ್ತೆಸೆಯುತ್ತಿದ್ದರು. ಸಂಜೆ ಟಿ.ವಿ. ನೋಡುವಾಗ ಎಚ್ಚರದಲ್ಲೇ ಅರ್ಧ ಗಂಟೆ ಮಾಸ್ಕ್ ಹಾಕಿಕೊಂಡು ಕೂರುವಂತೆ ಹೇಳಿದೆ. ಗಾಳಿ ಸೋರಿ ಕಣ್ಣು ಉರಿಯುತ್ತಿದ್ದುದಕ್ಕೆ ಬೇರೆ ಅಳತೆಯ ಮಾಸ್ಕ್, ಮೂಗು ಒಣಗುತ್ತಿದ್ದುದಕ್ಕೆ ಗಾಳಿಯನ್ನು ತೇವಗೊಳಿಸುವ ನೀರಿನ ಡಬ್ಬಿ ಪರಿಹಾರವಾಯಿತು. ಪಟ್ಟಿಯ ಬಿಗಿತವನ್ನು ಸರಿಮಾಡುವ ಕೆಲಸವನ್ನು ಪತ್ನಿಯೇ ವಹಿಸಿಕೊಂಡರು, ಹಾಸಿಗೆಯೂ ಒಳಗೆ ಬಂತು. ಯಂತ್ರ ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ, ಹಾಕಿಕೊಂಡ ರಾತ್ರಿಯಷ್ಟೇ ರಕ್ಷಣೆ ಎಂಬುದನ್ನು ಇಬ್ಬರಿಗೂ ಬಿಡಿಸಿ ಹೇಳಬೇಕಾಯಿತು; ತೂಕ ಇಳಿದರೆ ತೀವ್ರತೆಯೂ ತಗ್ಗಬಹುದಾದ್ದರಿಂದ ಊಟ, ನಡಿಗೆಯ ಲೆಕ್ಕವನ್ನು ಜೊತೆಗೇ ಶುರುಮಾಡಿದ್ದಾರೆ.

ಈಗ ಹಗಲಿನ ತೂಕಡಿಕೆ ಹೋಗಿದೆ, ಬಿ.ಪಿ. ಹತೋಟಿಯಲ್ಲಿದೆ. ಅಂಗಡಿಯ ಸಾಲದ ಬಗೆಗಿನ ಹಳೆಯ ಜಗಳ ಹೋಗಿಲ್ಲ. ಅದನ್ನು ಕುಳಿತು ಮಾತನಾಡುವಷ್ಟು ಎಚ್ಚರ ಬಂದಿರುವುದರಿಂದ ಮುಂದಿನ ಭೇಟಿಗಳನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಕಳೆದ ಸಲ ಅವರು ಕೇಳಿದ್ದು ಮಗಳ ಮದುವೆಯ ರಾತ್ರಿ ಛತ್ರದಲ್ಲಿ ಏನು ಮಾಡಲಿ ಎಂದು. ಯಂತ್ರವನ್ನು ಜೊತೆಗೆ ಒಯ್ಯಿರಿ, ಮಂಚದ ಬಳಿ ಪ್ಲಗ್ ಇರುವ ಕೋಣೆಯನ್ನು ಈಗಲೇ ಹೇಳಿಡಿ, ನೆಂಟರು ಕೇಳಿದರೆ ಉಸಿರಾಟದ ತೊಂದರೆಗೆ ಚಿಕಿತ್ಸೆ ಎಂದು ನೇರವಾಗಿ ಹೇಳಿ ಎಂದಿದ್ದೇನೆ.