ಅಪ್ಪಣೆ ಪಡೆದು ಅಗೆಯುವುದು: ನ್ಯೂ ಇಂಗ್ಲೆಂಡಿಗೆ ಹೊಸದಾಗಿ ಬಂದವರೊಬ್ಬರಿಗೆ ಉತ್ತರ

ನಮಸ್ಕಾರ. ಕೆಲಸದ ವೀಸಾದ ಮೇಲೆ ಮ್ಯಾಸಚೂಸೆಟ್ಸ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲವೆಂದೂ, ವಾರಾಂತ್ಯಗಳನ್ನು ಕಳೆಯುವುದೇ ಕಷ್ಟವಾಗಿದೆಯೆಂದೂ, ಪಕ್ಕದ ಬೀದಿಯ ಹಿರಿಯರೊಬ್ಬರು ಮೆಟಲ್ ಡಿಟೆಕ್ಟರ್ ಹಿಡಿದು ಅಂಗಳಗಳಲ್ಲಿಯೂ ಕಾಡಂಚಿನಲ್ಲಿಯೂ ಹಳೆಯ ನಾಣ್ಯ ಹುಡುಕುವುದನ್ನು ಕಂಡು ನಿಮಗೂ ಆ ಹವ್ಯಾಸ ಹಿಡಿಸಿದೆಯೆಂದೂ ಬರೆದಿದ್ದೀರಿ. ಇದು ಕಾನೂನಿಗೆ ಸಮ್ಮತವೇ, ವೀಸಾಕ್ಕೆ ತೊಂದರೆಯಾದೀತೇ, ನಮ್ಮಂಥವರು ಗುದ್ದಲಿ ಹಿಡಿದು ಓಡಾಡುವುದನ್ನು ಕಂಡರೆ ಜನ ಪೊಲೀಸರನ್ನು ಕರೆದಾರೇ, ಅಷ್ಟೆಲ್ಲ ಮಾಡಿದರೂ ಕೊನೆಗೆ ಸಿಗುವುದೇನು ಎಂಬುದು ನಿಮ್ಮ ಪ್ರಶ್ನೆ. ನ್ಯೂ ಇಂಗ್ಲೆಂಡೆಂದು ಕರೆಯುವ ಅಮೆರಿಕದ ಈ ಈಶಾನ್ಯ ಭಾಗದಲ್ಲಿ ಮನೆ ಮಾಡಿಕೊಂಡು ಬಹುಕಾಲವಾದವನಾಗಿ, ಈ ಹವ್ಯಾಸವನ್ನು ಇಂದಿಗೂ ಬಿಡದವನಾಗಿ ಹೇಳುವುದಾದರೆ, ಧಾರಾಳವಾಗಿ ಮಾಡಬಹುದು. ಆದರೆ ಯಾವ ಯಂತ್ರ ಕೊಳ್ಳಬೇಕೆಂಬ ಯೋಚನೆಗಿಂತ ಮೊದಲು ಯಾರ ನೆಲದಲ್ಲಿ ನಿಲ್ಲುತ್ತಿದ್ದೇನೆಂಬ ಯೋಚನೆ ಬರಬೇಕು.

ಅಮೆರಿಕದಲ್ಲಿ ಖಾಸಗಿ ನೆಲದಲ್ಲಿ ಮಾಲೀಕರ ಒಪ್ಪಿಗೆಯಿದ್ದರೆ ಹುಡುಕುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಒಪ್ಪಿಗೆಯಿಲ್ಲದಿದ್ದರೆ ಅದು ಅತಿಕ್ರಮ ಪ್ರವೇಶ, ಬೇಲಿ ಇರಲಿ, ಇಲ್ಲದಿರಲಿ. ಇಲ್ಲಿನ ಕಾಡು ನೋಡಲು ಯಾರದೂ ಅಲ್ಲದಂತೆ ಕಾಣುತ್ತದೆ; ಆದರೆ ಅದರ ಪ್ರತಿಯೊಂದು ತುಂಡಿಗೂ ವಾರಸುದಾರರಿದ್ದಾರೆ. ಬಹುಮಟ್ಟಿಗೆ ಊರಿನ ಟೌನ್ ಹಾಲಿನ ತೆರಿಗೆ ನಕ್ಷೆಯಲ್ಲಿ ಅವರ ಹೆಸರು ಸಿಗುತ್ತದೆ. ಒಕ್ಕೂಟ ಸರ್ಕಾರದ ನೆಲದ ಮಾತು ಬೇರೆ. ಪ್ರಾಚೀನ ವಸ್ತುಗಳನ್ನು ಕಾಯುವ 1906ರ ಆ್ಯಂಟಿಕ್ವಿಟೀಸ್ ಆ್ಯಕ್ಟ್ ಒಂದಿದೆ. ಅದರ ಮೇಲೆ 1979ರ ಪುರಾತತ್ತ್ವ ಸಂಪನ್ಮೂಲ ರಕ್ಷಣಾ ಕಾಯಿದೆ ಬಂದು, ಒಕ್ಕೂಟ ಸರ್ಕಾರದ ಹಾಗೂ ಮೂಲನಿವಾಸಿಗಳ ಮೀಸಲು ನೆಲದಲ್ಲಿ ನೂರು ವರ್ಷ ದಾಟಿದ ಪುರಾತತ್ತ್ವದ ವಸ್ತುಗಳನ್ನು ಪರವಾನಗಿಯಿಲ್ಲದೆ ಅಗೆದು ತೆಗೆಯುವುದನ್ನು ಅಪರಾಧವಾಗಿಸಿತು. ನ್ಯಾಷನಲ್ ಪಾರ್ಕ್‌ಗಳಲ್ಲಿ ಡಿಟೆಕ್ಟರನ್ನು ಬಳಸುವುದಷ್ಟೇ ಅಲ್ಲ, ಜೋಡಿಸಿ ಕೈಯಲ್ಲಿ ಹಿಡಿದಿರುವುದೂ ತಪ್ಪು. ಕಾರಿನಲ್ಲಿದ್ದರೆ ಬಿಡಿಬಿಡಿಯಾಗಿಸಿ, ಬಳಸಲು ಬಾರದಂತೆ ಕಟ್ಟಿಟ್ಟಿರಬೇಕು. ಹೊಸದಾಗಿ ಬಂದವರೆಲ್ಲ ಒಮ್ಮೆ ನೋಡಲು ಹೋಗುವ, ಅಮೆರಿಕದ ಸ್ವಾತಂತ್ರ್ಯ ಸಮರ ಶುರುವಾದ 1775ರ ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್ ಕಾಳಗದ ಹಾದಿಯಿರುವ ಮಿನಿಟ್ ಮ್ಯಾನ್ ಉದ್ಯಾನವೂ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಸುಪರ್ದಿನಲ್ಲಿಯೇ ಇದೆಯೆಂಬುದು ನೆನಪಿರಲಿ. ರಾಜ್ಯದ ಉದ್ಯಾನಗಳಿಗೆ, ಊರಿನ ಮೈದಾನಗಳಿಗೆ, ಶಾಲೆಯ ಆವರಣಗಳಿಗೆ ಒಂದೊಂದು ಕಡೆ ಒಂದೊಂದು ನಿಯಮವಿರುವುದರಿಂದ ಆಯಾ ಕಚೇರಿಯಲ್ಲಿ ಕೇಳಿ, ಸಾಧ್ಯವಾದರೆ ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ.

ವೀಸಾದ ಆತಂಕಕ್ಕೂ ಉತ್ತರ ಇದರಲ್ಲಿಯೇ ಇದೆ. ಬಿಡುವಿನ ಹವ್ಯಾಸಕ್ಕೆ ವೀಸಾ ಅಡ್ಡಿಯಲ್ಲ. ಆದರೆ ಇಲ್ಲಿ ಹುಟ್ಟಿದವನೊಬ್ಬ ದಂಡ ಕಟ್ಟಿ ಮರೆತುಬಿಡಬಹುದಾದ ಪ್ರಕರಣ ನಿಮಗೆ ಹಾಗೆ ಮರೆಯಲು ಬಿಡುವುದಿಲ್ಲ, ಏಕೆಂದರೆ ವೀಸಾ ಅರ್ಜಿಯಲ್ಲಿಯೂ ಮುಂದೆ ಗ್ರೀನ್ ಕಾರ್ಡಿನ ಅರ್ಜಿಯಲ್ಲಿಯೂ ಎಂದಾದರೂ ಬಂಧನವಾಗಿತ್ತೇ, ಶಿಕ್ಷೆಯಾಗಿತ್ತೇ ಎಂಬ ಪ್ರಶ್ನೆಗೆ ಉತ್ತರ ಬರೆಯಲೇಬೇಕು. ಆದ್ದರಿಂದ ಜೊತೆಯವರು ಯಾರಾದರೂ "ಇಲ್ಲಿ ಯಾರೂ ಕೇಳುವುದಿಲ್ಲ ಬನ್ನಿ" ಎಂದು ಕರೆದರೆ, ಅವರ ಧೈರ್ಯ ಅವರಿಗಿರಲಿ ಎಂದುಕೊಂಡು ಮನೆಗೆ ಮರಳುವುದೇ ಸರಿ.

ಅಪ್ಪಣೆ ಕೇಳುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮವರಲ್ಲಿ ಬಹಳ ಮಂದಿ ಹಿಂಜರಿಯುವುದು ಇಲ್ಲಿಯೇ. ನಮ್ಮ ಕಡೆ ಪಾಳುಗುಡಿಯ ಹತ್ತಿರ ರಾತ್ರಿ ಹೊತ್ತು ಹಾರೆ ಹಿಡಿದು ಕಂಡವನನ್ನು ನಿಧಿಗಳ್ಳನೆಂದು ಜನ ಹಿಡಿದು ಕೂರಿಸುತ್ತಾರೆ. ಆ ಅಂಜಿಕೆ ನಮ್ಮೊಳಗೂ ಇರುತ್ತದೆ. ಅದರ ಮೇಲೆ ಇಲ್ಲಿ ಬಣ್ಣದ, ಮಾತಿನ ಧಾಟಿಯ ಸಂಕೋಚ. ಅನುಮಾನವೇ ಪಡುವುದಿಲ್ಲವೆಂದು ಸುಳ್ಳು ಭರವಸೆ ಕೊಡಲಾರೆ, ಪಡುವವರಿದ್ದಾರೆ. ಆದರೆ ಹೇಳದೆ ಕೇಳದೆ ಅಗೆಯುವ ಅಪರಿಚಿತನನ್ನು ಕಂಡಾಗ ಏಳುವ ಅನುಮಾನ, ಬಾಗಿಲಿಗೆ ಬಂದು ತನ್ನ ಹೆಸರು ಹೇಳಿದವನ ಮುಂದೆ ಬಹುಮಟ್ಟಿಗೆ ಕರಗುತ್ತದೆ. ಶನಿವಾರ ಬೆಳಿಗ್ಗೆ ಹತ್ತು ಗಂಟೆಯ ಮೇಲೆ ಹೋಗಿ. ಡಿಟೆಕ್ಟರನ್ನೂ ಗುದ್ದಲಿಯನ್ನೂ ಕಾರಿನಲ್ಲಿಯೇ ಬಿಟ್ಟಿರಿ. ಗಂಟೆ ಒತ್ತಿ ಎರಡು ಹೆಜ್ಜೆ ಹಿಂದೆ ಸರಿದು ನಿಂತು, ಬಾಗಿಲು ತೆರೆದವರಿಗೆ ನಿಮ್ಮ ಹೆಸರನ್ನೂ ಯಾವ ಬೀದಿಯಲ್ಲಿದ್ದೀರೆಂಬುದನ್ನೂ ತಿಳಿಸಿ, ಹಳೆಯ ನಾಣ್ಯ ಮತ್ತು ಅಂಗಿಯ ಗುಂಡಿಗಳನ್ನು ಹುಡುಕುವ ಹವ್ಯಾಸವಿದೆಯೆಂದೂ, ತೋಡಿದ ಪ್ರತಿ ಕುಳಿಯನ್ನು ಮುಚ್ಚಿ ಹೋಗುವೆನೆಂದೂ, ಸಿಕ್ಕಿದ್ದೆಲ್ಲವನ್ನೂ ಮೊದಲು ಅವರಿಗೆ ತೋರಿಸುವೆನೆಂದೂ ಹೇಳಿ. ಅವರು ಬೇಡವೆಂದರೆ ಕಾರಣ ಕೇಳದೆ ವಂದಿಸಿ ಹೊರಡಬೇಕು. ಒಪ್ಪಿದರೆ, ಸಿಕ್ಕಿದ್ದು ಯಾರಿಗೆ ಸೇರಬೇಕೆಂಬುದನ್ನು ಯಂತ್ರ ಹೊರಗೆ ತೆಗೆಯುವ ಮುನ್ನವೇ ಮಾತಾಡಿ ಬರೆದಿಟ್ಟುಕೊಳ್ಳಿ. ಮಣ್ಣಿನಲ್ಲಿ ಹೂತ ವಸ್ತು ನೆಲದ ಒಡೆಯನದೇ ಎಂಬುದು ಇಲ್ಲಿನ ನ್ಯಾಯಾಲಯಗಳ ಸಾಮಾನ್ಯ ನಿಲುವು. ಆ ಚೀಟಿ ನಿಮ್ಮ ಜೇಬಿನಲ್ಲಿದ್ದರೆ, ಎದುರುಮನೆಯವರು ಪೊಲೀಸರನ್ನು ಕರೆದಾಗಲೂ ಅಧಿಕಾರಿಯ ಜೊತೆಗಿನ ಮಾತುಕತೆ ಬೇಗ ಮುಗಿಯುತ್ತದೆ. ಕೈ ಖಾಲಿ ಮಾಡಿಕೊಂಡು, ಚೀಟಿ ಜೇಬಿನಲ್ಲಿದೆ ಎಂದು ಮೊದಲು ಬಾಯಲ್ಲಿ ಹೇಳಿ, ಅವರು ತೆಗೆಯಿರಿ ಎಂದ ಮೇಲೆ ತೆಗೆದು ತೋರಿಸಿ.

ನೀವು ಕಂಡ ಆ ಹಿರಿಯರನ್ನು ಮಾತನಾಡಿಸುವುದು ಇನ್ನೂ ಸುಲಭದ ದಾರಿ. ಈ ಹವ್ಯಾಸದವರಿಗೆ ಕೇಳುವವರು ಸಿಗುವುದೇ ಅಪರೂಪ. ಒಂದು ಪ್ರಶ್ನೆ ಕೇಳಿದರೆ ಒಂದು ಮಧ್ಯಾಹ್ನ ಹೋಗುತ್ತದೆ. ಅನೇಕ ಊರುಗಳಲ್ಲಿ ಇತಿಹಾಸ ಸಂಘವೊಂದಿದ್ದು, ಅದನ್ನು ಸಾಮಾನ್ಯವಾಗಿ ನಿವೃತ್ತರೇ ನಡೆಸುತ್ತಿರುತ್ತಾರೆ. ಅಲ್ಲಿ ಪರಿಚಯವಾದರೆ ಒಂದು ಅಂಗಳದಿಂದ ಇನ್ನೊಂದು ಅಂಗಳಕ್ಕೆ ದಾರಿ ತಾನಾಗಿ ತೆರೆಯುತ್ತದೆ. ಅಂದ ಹಾಗೆ, ನೀವಿರುವುದು ಬಾಡಿಗೆ ಮನೆಯಾದರೆ ಅದರ ಹಿತ್ತಿಲಿಗೂ ಮಾಲೀಕರ ಒಪ್ಪಿಗೆ ಬೇಕು.

ಕಾಡಿನಲ್ಲಿ ನಾಣ್ಯ ಏಕಿರುತ್ತದೆ ಎಂದು ಕೇಳಿದ್ದೀರಿ. ಇಂದು ನೀವು ಕಾಣುವ ಕಾಡು ಬಹುಪಾಲು ಹಳೆಯ ಹೊಲಗಳ ಮೇಲೆ ಮರಳಿ ಬೆಳೆದದ್ದು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಪ್ರದೇಶದ ಬಹುಭಾಗ ಮರ ಕಡಿದ ಹೊಲವೂ ಕುರಿ ಮೇಯುವ ಹುಲ್ಲುಗಾವಲೂ ಆಗಿತ್ತು. 1825ರಲ್ಲಿ ಈರಿ ಕಾಲುವೆ ತೆರೆದು ಪಶ್ಚಿಮದ ಫಲವತ್ತಾದ ಬಯಲಿನ ಧಾನ್ಯ ಅಗ್ಗವಾಗಿ ಬರತೊಡಗಿದ ಮೇಲೆ, ಕಲ್ಲು ಆಯ್ದು ಆಯ್ದು ಸೊಂಟ ಮುರಿದುಕೊಂಡಿದ್ದ ಇಲ್ಲಿನ ರೈತರು ಕೆಲವರು ಒಹಾಯೊ ಕಡೆಗೆ, ಕೆಲವರು ಬಟ್ಟೆ ಗಿರಣಿಗಳ ಊರುಗಳಿಗೆ ಹೊರಟುಹೋದರು. ಬಿಟ್ಟ ಹೊಲಗಳಲ್ಲಿ ಪೈನ್ ಮರ ಎದ್ದಿತು. ದಟ್ಟ ಕಾಡಿನ ನಡುವೆ ಉದ್ದಕ್ಕೆ ಹರಿದುಹೋಗುವ ಕಲ್ಲಿನ ಗೋಡೆಗಳು ಆ ಹೊಲಗಳ ಬದುಗಳೇ. ಅವುಗಳ ನಡುವೆ ಎಲ್ಲೋ ಒಂದು ಕಡೆ ಕಲ್ಲು ಕಟ್ಟಿದ ಚೌಕದ ಗುಳಿ ಕಂಡರೆ ಅದು ಬಿದ್ದ ಮನೆಯ ನೆಲಮಾಳಿಗೆ. ಲೈಲ್ಯಾಕ್ ಪೊದೆ, ಡೇಲಿಲಿ ಹೂವಿನ ಗುಂಪು, ಕಾಡುಬಿದ್ದ ಸೇಬಿನ ಮರ ಇವು ಮನೆ ಹೋದರೂ ಉಳಿಯುವ ಗುರುತುಗಳು. ಇವನ್ನು ಕುಳಿತಲ್ಲಿಯೇ ಹುಡುಕಲೂಬಹುದು: ಭೂಸಮೀಕ್ಷಾ ಇಲಾಖೆಯ ಹಳೆಯ ನಕ್ಷೆಗಳು ಉಚಿತವಾಗಿ ಸಿಗುತ್ತವೆ; ಬೀರ್ಸ್ ಎಂಬ ಪ್ರಕಾಶಕರ 1870ರ ಸುಮಾರಿನ ಅಟ್ಲಾಸುಗಳಲ್ಲಿ ಮನೆಯ ಚುಕ್ಕೆಯ ಪಕ್ಕದಲ್ಲಿ ಒಡೆಯನ ಹೆಸರೂ ಇರುತ್ತದೆ; ವಿಮಾನದಿಂದ ಲೇಸರ್ ಕಿರಣ ಬೀರಿ ತಯಾರಿಸಿದ ಲೈಡಾರ್ ನಕ್ಷೆಯಲ್ಲಿ ಮರಗಳು ಮಾಯವಾಗಿ ಗೋಡೆ, ಗುಳಿ, ಗಾಡಿದಾರಿಗಳಷ್ಟೇ ಉಳಿಯುತ್ತವೆ. ಅಗೆಯುವುದಕ್ಕಿಂತ ಈ ನಕ್ಷೆ ಓದುವ ಸಂಜೆಗಳೇ ನನಗೆ ಹೆಚ್ಚು ಇಷ್ಟ.

ಸಿಗುವುದು ಏನೆಂದರೆ, ಮೊದಲು ಕಸ. ಕಬ್ಬಿಣದ ಮೊಳೆ, ಕಾಡತೂಸಿನ ಕೋಶ, 1960ರ ದಶಕದಿಂದ ಬಂದ ಅಲ್ಯೂಮಿನಿಯಂ ಡಬ್ಬಿಗಳ ಕಿತ್ತೊಗೆದ ಮುಚ್ಚಳದ ಉಂಗುರ. ಆಮೇಲೆ 1909ರಿಂದ 1958ರವರೆಗೆ ಟಂಕಿಸಿದ ಗೋಧಿ ತೆನೆಯ ಸೆಂಟು, ಅದಕ್ಕೂ ಹಿಂದಿನ 1859ರಿಂದ 1909ರವರೆಗಿನ, ಗರಿಯ ಶಿರೋಭೂಷಣ ತೊಟ್ಟ ಮುಖದ ಇಂಡಿಯನ್ ಹೆಡ್ ಸೆಂಟು. 1964 ಮತ್ತು ಅದಕ್ಕೆ ಮೊದಲಿನ ಇಸವಿಯ ಡೈಮ್ ಎಂಬ ಹತ್ತು ಸೆಂಟಿನ ಹಾಗೂ ಕ್ವಾರ್ಟರ್ ಎಂಬ ಇಪ್ಪತ್ತೈದು ಸೆಂಟಿನ ನಾಣ್ಯಗಳಲ್ಲಿ ನೂರಕ್ಕೆ 90 ಭಾಗ ಬೆಳ್ಳಿ. ಅವು ಮಣ್ಣಿನಿಂದ ಹೊಳೆಯುತ್ತಲೇ ಎದ್ದು ಬರುತ್ತವೆ. ತಾಮ್ರಕ್ಕೆ ಆ ಭಾಗ್ಯವಿಲ್ಲ. ಪೈನ್ ಕಾಡಿನ ಹುಳಿಮಣ್ಣು ಅದನ್ನು ತಿಂದುಹಾಕುತ್ತದೆ. 1793ರಿಂದ 1857ರವರೆಗೆ ನಡೆದ ದೊಡ್ಡ ತಾಮ್ರದ ಸೆಂಟು ಹಾಗೂ ನೆರೆಯ ಕನೆಕ್ಟಿಕಟ್ ರಾಜ್ಯ 1785ರಿಂದ 1788ರವರೆಗೆ ತಾನೇ ಹೊರಡಿಸಿದ ತಾಮ್ರದ ನಾಣ್ಯ ಸಿಕ್ಕಾಗ ಅನೇಕ ವೇಳೆ ಮುಖವೂ ಕಾಣುವುದಿಲ್ಲ, ಇಸವಿಯೂ ಕಾಣುವುದಿಲ್ಲ. ಮೆಕ್ಸಿಕೊದಲ್ಲಿ ಟಂಕಿಸಿದ ಸ್ಪೇನಿನ ಬೆಳ್ಳಿ ರಿಯಾಲ್ ಇಲ್ಲಿ 1857ರವರೆಗೆ ಕಾನೂನುಬದ್ಧವಾಗಿಯೇ ಚಲಾವಣೆಯಲ್ಲಿದ್ದುದರಿಂದ ಅದೂ ಅಲ್ಲೊಂದು ಇಲ್ಲೊಂದು ಸಿಗುವುದುಂಟು. ನನಗೆ ತುಂಬ ಪ್ರಿಯವಾದದ್ದು 1770ರ ದಶಕದ, ಬ್ರಿಟನ್ನಿನ ಮೂರನೆಯ ಜಾರ್ಜ್ ದೊರೆಯ ಮುಖವುಳ್ಳ ಹಾಫ್ ಪೆನ್ನಿ. ಆ ದೊರೆಯ ಸೇನಾಪತಿ ಕಾರ್ನ್‌ವಾಲಿಸ್ 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾಗಿ ಈ ದೇಶದಿಂದ ಕಾಲ್ತೆಗೆದ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯವನ್ನು ಬಿಡಿಸಿಕೊಂಡು, ಅವನ ಇಬ್ಬರು ಮಕ್ಕಳನ್ನು ಒತ್ತೆಯಾಳಾಗಿ ಕರೆದೊಯ್ದವನೂ ಅವನೇ. ಪಕ್ಕದಲ್ಲಿ ನಿಂತ ಇಲ್ಲಿನ ಗೆಳೆಯರಿಗೆ ಈ ಕಥೆಯ ಎರಡನೆಯ ಭಾಗ ಗೊತ್ತೇ ಇರುವುದಿಲ್ಲ.

ಯಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುರುಳಿಯಿಂದ ಹೊರಡುವ ಬದಲಾಗುತ್ತಿರುವ ಕಾಂತಕ್ಷೇತ್ರ ನೆಲದೊಳಗಿನ ಲೋಹದಲ್ಲಿ ಸುಳಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಅದರ ಮರುದನಿ ಎಷ್ಟು ತಡವಾಗಿ ಬರುತ್ತದೆಂಬುದನ್ನು ಅಳೆದು ಯಂತ್ರ ಒಂದು ಸಂಖ್ಯೆ ತೋರಿಸುತ್ತದೆ. ಕಬ್ಬಿಣಕ್ಕೆ ಕಡಿಮೆ, ತಾಮ್ರ ಮತ್ತು ಬೆಳ್ಳಿಗೆ ಹೆಚ್ಚು. ಚಿನ್ನದ ಉಂಗುರ ಮಾತ್ರ ಡಬ್ಬಿಯ ಉಂಗುರದ ಸಂಖ್ಯೆಗಳ ನಡುವೆಯೇ ಬೀಳುವುದರಿಂದ ಕಸ ಬೇಡವೆಂದವರಿಗೆ ಚಿನ್ನವೂ ಇಲ್ಲ. ಗ್ಯಾರೆಟ್, ಮೈನ್‌ಲ್ಯಾಬ್ ಮೊದಲಾದ ಕಂಪನಿಗಳ ಆರಂಭದ ಮಾದರಿ ಕೆಲವು ನೂರು ಡಾಲರಿಗೆ ಬರುತ್ತದೆ, ಅದು ಸಾಕು. ನಾಣ್ಯಗಳು ಸಾಮಾನ್ಯವಾಗಿ ಒಂದು ಗೇಣಿನೊಳಗೇ ಇರುತ್ತವೆ. ಉಳಿದ ಹಣವನ್ನು ಕುಳಿಯೊಳಗೆ ಬೆರಳಿನಂತೆ ತೋರಿಸುವ ಪಿನ್‌ಪಾಯಿಂಟರಿಗೆ ಹಾಕಿ, ಏಕೆಂದರೆ ಅದಿದ್ದರೆ ಕುಳಿ ಸಣ್ಣದಾಗುತ್ತದೆ.

ಕುಳಿ ಸಣ್ಣದಾಗುವುದು ಮುಖ್ಯ. ಹುಲ್ಲನ್ನು ಕುದುರೆಲಾಳದ ಆಕಾರದಲ್ಲಿ ಮೂರು ಕಡೆ ಕೊಯ್ದು, ಒಂದು ಕಡೆ ಬೇರು ಬಿಡಿಸದೆ ಮಗುಚಿ, ಮಣ್ಣನ್ನು ಹಾಸಿದ ಬಟ್ಟೆಯ ಮೇಲೆ ಹಾಕಿಕೊಂಡು, ಕೆಲಸ ಮುಗಿದ ಮೇಲೆ ಅಷ್ಟನ್ನೂ ತುಂಬಿ ತುಳಿದುಬಿಡಬೇಕು. ಜುಲೈ ಆಗಸ್ಟಿನ ಒಣ ದಿನಗಳಲ್ಲಿ ಹೀಗೆ ಮಾಡಿದರೂ ಹುಲ್ಲು ಸುಟ್ಟು ಹಳದಿಯ ಬಿಲ್ಲೆ ಉಳಿಯುತ್ತದಾದ್ದರಿಂದ ಆಗ ಅಂಗಳಗಳಿಗೆ ಹೋಗದಿರುವುದೇ ಒಳಿತು. ಅಂಗಳವಾದರೆ ಮೊದಲು 811ಕ್ಕೆ ಕರೆ ಮಾಡಿಸಿ. ಅನಿಲ, ವಿದ್ಯುತ್ ಮಾರ್ಗಗಳ ಗುರುತನ್ನು ಉಚಿತವಾಗಿ ಹಾಕಿಕೊಡುತ್ತಾರೆ. ಆದರೆ ಮನೆಯವರು ತಾವೇ ಹೂಳಿಸಿದ ನೀರಿನ ಕೊಳವೆ, ನಾಯಿ ಅಂಗಳ ದಾಟದಂತೆ ನೆಲದಡಿ ಹಾಯಿಸಿದ ತಂತಿ ಅದರಲ್ಲಿ ಸೇರುವುದಿಲ್ಲ, ಅವನ್ನು ಮನೆಯವರನ್ನೇ ಕೇಳಬೇಕು. ಕಾಡಿನಲ್ಲಿ ಭಯಪಡಬೇಕಾದದ್ದು ಕರಡಿಗಲ್ಲ, ರಕ್ತ ಹೀರುವ ಉಣ್ಣೆ ಹುಳುವಿಗೆ. ಲೈಮ್ ರೋಗಕ್ಕೆ ಆ ಹೆಸರು ಬಂದದ್ದೇ ಕನೆಕ್ಟಿಕಟ್‌ನ ಲೈಮ್ ಎಂಬ ಊರಿನಿಂದ, ಅದನ್ನು ಹರಡುವ ಉಣ್ಣೆಯ ಮರಿ ಗಸಗಸೆ ಕಾಳಿನಷ್ಟಿರುತ್ತದೆ. ಬಟ್ಟೆಗೆ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಒಣಗಿಸಿಕೊಳ್ಳಿ, ಮೈಗೆ ಹಚ್ಚಬಾರದು. ಮರಳಿದ ದಿನವೇ ಮೈಯೆಲ್ಲ ನೋಡಿಕೊಳ್ಳಿ. ಬೇಟೆಯ ತಿಂಗಳುಗಳಲ್ಲಿ ಕಿತ್ತಳೆ ಬಣ್ಣದ ಅಂಗಿಯಿಲ್ಲದೆ ಕಾಡಿಗೆ ಕಾಲಿಡಬೇಡಿ. ಹಳೆಯ ಮನೆಗಳ ಬಳಿ ಬಾಯಿ ಮುಚ್ಚದ ಬಾವಿಗಳಿರುತ್ತವೆ.

ಕೆಲವು ಜಾಗಗಳಲ್ಲಿ ಅಪ್ಪಣೆ ಸಿಕ್ಕರೂ ನಾನು ಅಗೆಯುವುದಿಲ್ಲ. ಕಾಡಿನೊಳಗಿನ ಸಣ್ಣ ಕುಟುಂಬ ಸ್ಮಶಾನಗಳಲ್ಲಿ ಅಕ್ಷರವಿಲ್ಲದ ಒರಟು ಕಲ್ಲೂ ಸಮಾಧಿಯ ಕಲ್ಲೇ ಆಗಿರಬಹುದು. ಮೂಲನಿವಾಸಿಗಳ ನೆಲೆಗಳಂತೂ ಮುಟ್ಟುವಂಥವಲ್ಲ. ನೆಲಮಾಳಿಗೆಯ ಗುಳಿಯೊಳಗೂ ಕೈಹಾಕುವುದಿಲ್ಲ, ಸುತ್ತಲಿನ ಅಂಗಳಕ್ಕೆ ತೃಪ್ತನಾಗುತ್ತೇನೆ. ಎಲ್ಲಿ ಅಗೆದರೂ ಸಿಕ್ಕ ವಸ್ತುವಿನ ಜಾಗ, ಆಳ, ದಿನಾಂಕಗಳನ್ನು ಬರೆದಿಡುವುದನ್ನು ಮೊದಲ ದಿನದಿಂದಲೇ ಅಭ್ಯಾಸ ಮಾಡಿಕೊಳ್ಳಿ. ಮೊಂಟಾನಾ ರಾಜ್ಯದಲ್ಲಿ ಅಮೆರಿಕದ ಸೇನೆಗೂ ಮೂಲನಿವಾಸಿಗಳಿಗೂ ಕಾಳಗ ನಡೆದ ಲಿಟಲ್ ಬಿಗ್‌ಹಾರ್ನ್ ರಣಭೂಮಿಯ ಹುಲ್ಲು 1983ರಲ್ಲಿ ಬೆಂಕಿಗೆ ಸುಟ್ಟುಹೋದ ಮೇಲೆ, 1984ರಲ್ಲಿ ಪುರಾತತ್ತ್ವಜ್ಞರು ಹವ್ಯಾಸಿ ಡಿಟೆಕ್ಟರಿನವರನ್ನೇ ಜೊತೆಗೆ ಕರೆದುಕೊಂಡು, ಒಂದೊಂದು ಗುಂಡು ಮತ್ತು ಕೋಶ ಬಿದ್ದಿದ್ದ ಜಾಗವನ್ನು ಗುರುತು ಹಾಕುತ್ತ ಹೋದರು. ಯಾವ ಬಂದೂಕು ಎಲ್ಲಿಂದ ಎಲ್ಲಿಗೆ ಸರಿಯಿತೆಂಬುದು, 1876ರ ಆ ಕಾಳಗ ಹೇಗೆ ನಡೆಯಿತೆಂಬುದು ಆ ಗುರುತುಗಳಿಂದ ಬಿಚ್ಚಿಕೊಂಡಿತು. ಅವೇ ಗುಂಡುಗಳನ್ನು ಯಾರಾದರೂ ಮೊದಲೇ ಆಯ್ದು ಗಾಜಿನ ಭರಣಿಗೆ ತುಂಬಿಟ್ಟಿದ್ದರೆ ಅವು ಬರೀ ಸೀಸವಾಗಿರುತ್ತಿದ್ದವು. ಸಿಕ್ಕ ನಾಣ್ಯವನ್ನು ಉಜ್ಜಲೂಬೇಡಿ. ಮಣ್ಣಿನ ಜೊತೆ ಇಸವಿಯೂ ಹೋಗುತ್ತದೆ.

ಕೊನೆಗೆ ಹಣದ ವಿಷಯ. ಅಂಗಳದ ನಾಣ್ಯಗಳಿಂದ ಯಂತ್ರದ ಬೆಲೆ ಹುಟ್ಟುವುದೂ ಕಷ್ಟ. ಬೆಲೆಬಾಳುವಂಥದ್ದು ಸಿಕ್ಕರೂ ಅದು ತೆರಿಗೆಗೆ ಹೊರತಲ್ಲ: ಹದಿನೈದು ಡಾಲರಿಗೆ ಕೊಂಡ ಹಳೆಯ ಪಿಯಾನೊದೊಳಗೆ 4,467 ಡಾಲರ್ ನಗದು ಸಿಕ್ಕ ಸೆಸರೀನಿ ದಂಪತಿಗಳ ಪ್ರಕರಣದಲ್ಲಿ, ಸಿಕ್ಕ ಹಣವೂ ವರಮಾನವೇ ಎಂದು ಒಕ್ಕೂಟ ನ್ಯಾಯಾಲಯ 1969ರಲ್ಲಿ ತೀರ್ಪು ಕೊಟ್ಟಿತು. ಕೆಲಸದ ವೀಸಾದಲ್ಲಿದ್ದು ಮೇಲಿಂದ ಮೇಲೆ ಮಾರುತ್ತ ಹೋದರೆ ಅದು ಹವ್ಯಾಸವೆನಿಸಿಕೊಳ್ಳದೆ ವ್ಯಾಪಾರವೆನಿಸಬಹುದು, ಆ ಹಂತಕ್ಕೆ ಬಂದರೆ ವಕೀಲರನ್ನು ಕೇಳದೆ ಮುಂದುವರಿಯಬೇಡಿ. ರಜೆಗೆ ಊರಿಗೆ ಹೋಗುವಾಗ ಡಿಟೆಕ್ಟರನ್ನು ಜೊತೆಗೆ ಒಯ್ಯುವ ಯೋಚನೆಯನ್ನೂ ಬಿಡಿ. ಭಾರತದಲ್ಲಿ 1878ರ ನಿಧಿ ಕಾಯಿದೆ ಇಂದಿಗೂ ಜಾರಿಯಲ್ಲಿದ್ದು, ನೆಲದಲ್ಲಿ ಹುದುಗಿದ ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ಸಿಕ್ಕವರು ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕೆಂದು ವಿಧಿಸುತ್ತದೆ. ಇಲ್ಲಿ ಮನೆಯೊಡೆಯರು ಬರೆದುಕೊಟ್ಟ ಚೀಟಿಯಂಥದ್ದು ಅಲ್ಲಿ ನಿಮ್ಮನ್ನು ಕಾಯುವುದಿಲ್ಲ.