ಅಪ್ಪನ ಕಡೆಯಿಂದ

(ನನ್ನ ಬಳಿ ಬಂದವರ ಗುರುತು ಸಿಗಬಾರದೆಂದು ವಯಸ್ಸು, ಉದ್ಯೋಗ, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಫೆಬ್ರವರಿ ಕೊನೆಯಲ್ಲಿ ಬಾಸ್ಟನ್ನಿನ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಬಂದವರಿಗೆ 48 ವರ್ಷ. ಹೆಸರು ಅಪ್ಪಟ ಐರಿಷ್, ಮುಖ ಕೊರಿಯಾದ್ದು. ಏಳು ತಿಂಗಳ ಮಗುವಾಗಿದ್ದಾಗ ಸೋಲ್‌ನಿಂದ ವಿಮಾನದಲ್ಲಿ ಬಂದು ದಕ್ಷಿಣ ಬಾಸ್ಟನ್ನಿನ ಐರಿಷ್ ಕುಟುಂಬವೊಂದಕ್ಕೆ ದತ್ತುಮಗನಾದವರು. 1950ರ ದಶಕದಿಂದೀಚೆಗೆ ದಕ್ಷಿಣ ಕೊರಿಯಾದಿಂದ ಹೀಗೆ ಹೊರದೇಶಗಳಿಗೆ ಹೋದ ಮಕ್ಕಳು ಒಂದೂವರೆ ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಮಕ್ಕಳು ಬಂದದ್ದು ಅಮೆರಿಕಕ್ಕೆ. ಸಾಕಿದ ತಂದೆ ಅಗ್ನಿಶಾಮಕ ದಳದಲ್ಲಿದ್ದರು. ನವೆಂಬರಿನಲ್ಲಿ ತೀರಿಕೊಂಡಿದ್ದರು.

"ಮಾರ್ಚ್ 17 ಹತ್ತಿರ ಬರ್ತಿದೆ. ನಿದ್ದೆ ಬರ್ತಿಲ್ಲ" ಎಂದರು.

ಅಂದು ಐರ್ಲೆಂಡಿನ ಸಂತನ ಹಬ್ಬವಾದ ಸೇಂಟ್ ಪ್ಯಾಟ್ರಿಕ್ ದಿನ; ಅದು ಆ ಮನೆಗೆ ವರ್ಷದ ದೊಡ್ಡ ಹಬ್ಬ. ಅಪ್ಪ ಹಸಿರು ಟೈ ಕಟ್ಟಿ ಚರ್ಚಿಗೆ ಹೋಗುತ್ತಿದ್ದರು. ಆ ವಾರದ ಭಾನುವಾರ ಮೆರವಣಿಗೆಯಲ್ಲಿ ತಮ್ಮ ಸಂಘದ ಬಾವುಟದ ಹಿಂದೆ ನಡೆಯುತ್ತಿದ್ದರು. ಊಟಕ್ಕೆ ಕೂರುವ ಮುಂಚೆ, ಐರ್ಲೆಂಡಿನ 1847ರ ಕ್ಷಾಮದಲ್ಲಿ ಹುಡುಗಿಯಾಗಿ ಹಡಗು ಹತ್ತಿದ ಮುತ್ತಜ್ಜಿಯಿಂದ ಹಿಡಿದು ತೀರಿಹೋದ ಎಲ್ಲರ ಹೆಸರನ್ನೂ ಒಂದೊಂದಾಗಿ ಹೇಳುತ್ತಿದ್ದರು. ಈ ಸಲ ಅಮ್ಮ ಆ ಟೈಯನ್ನು ಹಿರಿಮಗನಾದ ಇವರ ಕೈಗಿಟ್ಟು, "ಹೆಸರು ನೀನು ಹೇಳು" ಎಂದಿದ್ದರು.

ಅವರನ್ನು ತಡೆಯುತ್ತಿದ್ದದ್ದು ಮೂರು ಮಾತು. ಹಿಂದಿನ ವರ್ಷ ಬೀದಿಯಲ್ಲಿ ಒಬ್ಬ ಅಪರಿಚಿತ, "ನೀನು ಐರ್ಲೆಂಡಿನ ಯಾವ ಮೂಲೆಯವನಪ್ಪ?" ಎಂದು ನಕ್ಕಿದ್ದ. ಐರ್ಲೆಂಡಿನ ಗಾಲ್ವೇಯಲ್ಲಿ ಹುಟ್ಟಿ ಬೆಳೆದ ಸಹೋದ್ಯೋಗಿಯೊಬ್ಬರು, ಅಮೆರಿಕದವರದ್ದೆಲ್ಲ ನಕಲಿ ಐರಿಷ್‌ತನ ಎಂದಿದ್ದರು. ಆ ಎರಡನ್ನೂ ಅವರು ನುಂಗಿಕೊಂಡಿದ್ದರು. ಮೂರನೆಯದು 14 ವರ್ಷದ ಮಗಳದ್ದು: "ಅಪ್ಪ, ನಾವು ಕೊರಿಯಾದವರು. ಬೇರೆಯವರ ಹಬ್ಬವನ್ನ ನಮ್ಮದು ಅಂತ ಹಾಕಿಕೊಳ್ಳೋದು ಕಳ್ಳತನ ಅಲ್ವಾ?"

ಮೊದಲ ದಿನ ನಾನೊಂದು ತಪ್ಪು ಮಾಡಿದೆ. ದತ್ತು ಹೋಮವಾದ ಮೇಲೆ ಮಗುವಿಗೆ ಸಾಕುತಂದೆಯ ಗೋತ್ರ ಬರುತ್ತದೆ, ತರ್ಪಣ ಬಿಡುವ ಹಕ್ಕೂ ಬರುತ್ತದೆ ಎಂದು ಕೇಳುತ್ತಾ ಬೆಳೆದವಳು ನಾನು. ಅವರು ಮಾತು ಮುಗಿಸುವ ಮೊದಲೇ ನನ್ನೊಳಗೆ ತೀರ್ಪು ಸಿದ್ಧವಾಗಿತ್ತು. ಅವಸರದಲ್ಲಿ, ಪ್ಯಾಟ್ರಿಕ್ ಕೂಡ ಐರ್ಲೆಂಡಿನಲ್ಲಿ ಹುಟ್ಟಿದವನಲ್ಲವಲ್ಲ ಎಂದೆ. ಆತ ರೋಮನ್ ಬ್ರಿಟನ್ನಿನ ಹುಡುಗ. 16ನೇ ವಯಸ್ಸಿನಲ್ಲಿ ದಾಳಿಕೋರರು ಹೊತ್ತೊಯ್ದರು. ಆರು ವರ್ಷ ಐರ್ಲೆಂಡಿನಲ್ಲಿ ಗುಲಾಮನಾಗಿ ಜಾನುವಾರು ಕಾದ, ತಪ್ಪಿಸಿಕೊಂಡ, ಮುಂದೆ ಧರ್ಮ ಬೋಧಿಸಲು ತಾನಾಗಿಯೇ ಅಲ್ಲಿಗೆ ಮರಳಿದ.

ಅವರು ಎಲ್ಲವನ್ನೂ ಕೇಳಿಸಿಕೊಂಡರು. "ಈ ಕಥೆ ನನಗೆ ತುಂಬ ಜನ ಹೇಳಿದ್ದಾರೆ. ಆದರೆ ಪ್ಯಾಟ್ರಿಕ್ ತಪ್ಪಿಸಿಕೊಂಡ ಮೇಲೆ ಒಮ್ಮೆ ತನ್ನ ಮನೆಯವರ ಹತ್ತಿರ ಹೋಗಿ ಬಂದ. ನಾನು ಹೋಗಿಲ್ಲ."

ಅವತ್ತು ಉಳಿದ ಅರ್ಧ ಗಂಟೆ ನಾನು ಹೆಚ್ಚು ಮಾತಾಡಲಿಲ್ಲ. ಸಾಕಿದ ತಂದೆಯ ಸಾವು, ಹೆತ್ತವರನ್ನು ಕಾಣದೇ ಉಳಿದದ್ದು, ಎರಡೂ ದುಃಖ ಒಂದೇ ಟೈಗೆ ಗಂಟು ಬಿದ್ದಿದ್ದವು. ಅವುಗಳನ್ನು ಬಿಡಿಸಿ ಬೇರೆ ಬೇರೆ ಇಡುವುದರಲ್ಲೇ ಎರಡನೇ ಭೇಟಿಯೂ ಕಳೆಯಿತು.

ಮೂರನೇ ಭೇಟಿಗೆ ಮಗಳನ್ನು ಕರೆತಂದರು. ಚುರುಕು ಹುಡುಗಿ, ಅವಳ ಪ್ರಶ್ನೆ ಸಸಾರದ್ದಲ್ಲ ಎಂದು ಮೊದಲೇ ಹೇಳಿದೆ. ಆಮೇಲೆ ಅವಳ ತಾತನ ಹಬ್ಬದ ಹುಟ್ಟಿನ ಬಗ್ಗೆ ಮಾತಾಡಿದೆವು. ಬಾಸ್ಟನ್ನಿನಲ್ಲಿ ಐರಿಷರು ಮಾರ್ಚ್ 17ರಂದು ಸೇರಿ ಬಡವರಾದ ತಮ್ಮವರಿಗೆ ನೆರವಾಗಲು ಸಂಘ ಕಟ್ಟಿದ್ದು 1737ರಲ್ಲಿ. ನ್ಯೂಯಾರ್ಕಿನ ಮೆರವಣಿಗೆ 1762ರಷ್ಟು ಹಳೆಯದು. ಐರ್ಲೆಂಡಿನಲ್ಲಿ ಆ ದಿನ ಸಾರ್ವಜನಿಕ ರಜೆಯಾದದ್ದು 1903ರಲ್ಲಿ. ತಾತನ ಮೇಜಿನ ಮೇಲಿರುತ್ತಿದ್ದ, ಉಪ್ಪುನೀರಲ್ಲಿ ಹದಗೊಳಿಸಿದ ದನದ ಮಾಂಸ ಮತ್ತು ಎಲೆಕೋಸಿನ ಅಡುಗೆಯೂ ವಲಸೆ ಬಂದವರು ಇಲ್ಲಿ ರೂಢಿಸಿಕೊಂಡದ್ದೇ; ಆ ಕಡೆ ಎಲೆಕೋಸಿನ ಜೊತೆಗಿರುವುದು ಹಂದಿಮಾಂಸ. ಗಾಲ್ವೇಯವರು ನಕಲಿ ಎಂದದ್ದು, ಊರು ಬಿಟ್ಟು ಬಂದವರು ಊರನ್ನು ಮರೆಯದಿರಲು ಕಟ್ಟಿಕೊಂಡ ಹಬ್ಬವನ್ನು. ನಿನ್ನ ತಾತ ಅದನ್ನು ಹುಟ್ಟಿನಿಂದ ಪಡೆದರು, ನಿನ್ನ ಅಪ್ಪ ತಾತನ ಮಡಿಲಲ್ಲಿ ಕೂತು ಪಡೆದರು ಎಂದೆ.

ಅವಳು ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ. "ಹಾಗಾದರೆ ಆ ದಿನ ಬೀದಿಯಲ್ಲಿ ಜನ ಹಾಕಿಕೊಳ್ಳೋ ಆ ಪ್ಲಾಸ್ಟಿಕ್ ಟೋಪಿ?" ಎಂದಳು. ಅವಳು ಕೇಳಿದ್ದು ಸರಿಯಾಗಿತ್ತು. 19ನೇ ಶತಮಾನದ ವ್ಯಂಗ್ಯಚಿತ್ರಗಳಲ್ಲಿ ಐರಿಷರನ್ನು ಕೋತಿಮುಖದ ಕುಡುಕರಾಗಿ ಬರೆಯುತ್ತಿದ್ದರು. ಕೆಂಪು ಗಡ್ಡ ಅಂಟಿಸಿಕೊಂಡು ಬೀದಿಯಲ್ಲಿ ತೂರಾಡುವ ವೇಷ ಆ ಅವಮಾನಕ್ಕೆ ತೀರ ಹತ್ತಿರದ್ದು.

ಕೊನೆಗೆ ನಾನು ಕೊಟ್ಟ ಸಲಹೆ ಇಷ್ಟು. ಟೈ ಕಟ್ಟಿಕೊಳ್ಳಿ, ಹೆಸರುಗಳನ್ನು ಹೇಳಿ, ಅಪ್ಪನ ಹೆಸರನ್ನು ಕೊನೆಗೆ ಸೇರಿಸಿ. ನಿಮಗಿಂತ ಹೆಚ್ಚಿನ ಹಕ್ಕು ಇನ್ನೊಬ್ಬರಿಗಿಲ್ಲ. ಟೋಪಿ, ಗಡ್ಡ ಬೇಡ. ಬೀದಿಯಲ್ಲಿ ಯಾರಾದರೂ ಕೇಳಿದರೆ "ಅಪ್ಪನ ಕಡೆಯಿಂದ" ಎನ್ನಿ, ಅಲ್ಲಿಗೆ ನಿಲ್ಲಿಸಿ. ಅದು ಪೂರ್ತಿ ನಿಜ. ದತ್ತಿನ ಕಥೆಯನ್ನು ದಾರಿಹೋಕರಿಗೆ ಒಪ್ಪಿಸಬೇಕಾದ ಸಾಲ ನಿಮ್ಮ ಮೇಲಿಲ್ಲ. ಸಹೋದ್ಯೋಗಿಯ ಜೊತೆ ವಾದಕ್ಕಿಳಿಯುವ ಬದಲು, ಚಿಕ್ಕವರಿದ್ದಾಗ ಗಾಲ್ವೇಯಲ್ಲಿ ಆ ದಿನ ಏನು ಮಾಡುತ್ತಿದ್ದರೆಂದು ಕೇಳಿ. ಮಗಳನ್ನು ಒತ್ತಾಯಿಸಬೇಡಿ, ಅಜ್ಜಿಯ ಜೊತೆ ಸೋಡಾ ಬ್ರೆಡ್ ಮಾಡಲು ಕರೆಯಿರಿ, ಬರದಿದ್ದರೆ ಬಿಡಿ. ಕೊರಿಯಾದ ಬಗ್ಗೆ ಅವಳಿಗೆ ಏನು ಬೇಕೆಂದು ಮಾತ್ರ ಕೇಳಲೇಬೇಕು, ಏಕೆಂದರೆ ಅವಳು ಕಳ್ಳತನ ಎಂದದ್ದರ ಹಿಂದೆ ಆ ಹಸಿವಿತ್ತು. ಹೆತ್ತವರನ್ನು ಹುಡುಕಬೇಕೋ ಬೇಡವೋ ಎಂಬುದನ್ನು ಈ ಶೋಕದ ತಿಂಗಳುಗಳಲ್ಲಿ ತೀರ್ಮಾನಿಸಬೇಡಿ.

ಇಲ್ಲಿನ ಕನ್ನಡದ ಗೆಳೆಯರು ಒಮ್ಮೊಮ್ಮೆ ನನ್ನನ್ನು ಕೇಳುವುದುಂಟು: ನಮಗೆ ರಕ್ತಸಂಬಂಧವೂ ಇಲ್ಲ, ಸಾಕಿದ ಸಂಬಂಧವೂ ಇಲ್ಲ, ಆ ದಿನ ಆಫೀಸಿನಲ್ಲಿ ಹಸಿರು ತೊಡಬಹುದೇ? ಧಾರಾಳವಾಗಿ ತೊಡಿ, ನೆಂಟರಾಗಿ ಹೋಗಿ. ಕ್ಷಾಮದಲ್ಲಿ ಸತ್ತ ಸುಮಾರು ಹತ್ತು ಲಕ್ಷ ಜನರ ಬಗ್ಗೆ ಹೋಗುವ ಮುಂಚೆ ಒಂದಿಷ್ಟು ಓದಿಕೊಳ್ಳಿ. ಭಾರತದಿಂದ ಹೋದ ತಂದೆಯ ಮಗ ಲಿಯೋ ವರಾಡ್ಕರ್ 2017ರಲ್ಲಿ ಐರ್ಲೆಂಡಿನ ಪ್ರಧಾನಿಯಾದರು. ಆ ದೇಶ ರಕ್ತದ ಲೆಕ್ಕವನ್ನು ನಾವು ಅಂದುಕೊಂಡಷ್ಟು ಬಿಗಿಯಾಗಿ ಇಟ್ಟುಕೊಂಡಿಲ್ಲ.

ಮಾರ್ಚ್ ಕಳೆದ ಮೇಲೆ ಅವರು ಫೋನ್ ಮಾಡಿದರು. ಮೆರವಣಿಗೆಯಲ್ಲಿ ಅರ್ಧ ದಾರಿ ನಡೆದು, ಅಳು ತಡೆಯಲಾಗದೆ ಪಕ್ಕಕ್ಕೆ ಸರಿದರಂತೆ. ಊಟಕ್ಕೆ ಮುಂಚೆ ಹೆಸರುಗಳನ್ನು ಹೇಳುವಾಗ ಒಂದು ಮರೆತುಹೋಯಿತಂತೆ, ಅಮ್ಮ ಹೇಳಿಕೊಟ್ಟರಂತೆ. ಮಗಳು ಬ್ರೆಡ್ ಮಾಡಲು ಬರಲಿಲ್ಲ, ಊಟಕ್ಕೆ ಬಂದಳು. ಮೇ ತಿಂಗಳಲ್ಲಿ ಅವರಿಗೆ ಮತ್ತೊಂದು ಸಮಯ ಕೊಟ್ಟಿದ್ದೇನೆ. ಸೋಲ್‌ನಿಂದ ಬಂದಾಗ ಜೊತೆಗಿದ್ದ ಕಾಗದಗಳ ಲಕೋಟೆಯನ್ನು ತರುತ್ತೇನೆ ಎಂದಿದ್ದಾರೆ.