ಹಳೆಯ ಸಿನಿಮಾ ಥಿಯೇಟರ್‌ನಲ್ಲಿ ಸಂಗೀತ ಕಛೇರಿ ನಡೆಸಬಹುದಾ?

ಕಲಬುರಗಿಯಂಥ ಊರಲ್ಲಿ ಹಳೆಯ ಥಿಯೇಟರನ್ನು ಸಂಗೀತದ ಸಭಾಂಗಣ ಮಾಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಬಹುದು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1925ರ ಥಿಯೇಟರೊಂದು 1968ರಲ್ಲಿ ಅಲ್ಲಿನ ಸಿಂಫನಿ ತಂಡದ, ಅಂದರೆ ದೊಡ್ಡ ಪಾಶ್ಚಾತ್ಯ ವಾದ್ಯವೃಂದದ ಮನೆಯಾಯಿತು. ಅದೇ ಪೊವೆಲ್ ಹಾಲ್. ಮುಂಬೈನ ರಾಯಲ್ ಒಪೆರಾ ಹೌಸ್ ಕೂಡ ನಾಟಕ, ಸಿನಿಮಾ ಎರಡನ್ನೂ ಕಂಡು, 1993ರಲ್ಲಿ ಬಾಗಿಲು ಹಾಕಿ, 2016ರಲ್ಲಿ ಮತ್ತೆ ತೆರೆಯಿತು.

ತೊಡಕು ಇರುವುದು ಗುಂಗಿನಲ್ಲಿ, ಅಂದರೆ ದನಿ ನಿಂತ ಮೇಲೂ ಹಾಲ್‌ನಲ್ಲಿ ಉಳಿಯುವ ನಾದದಲ್ಲಿ. ಸಿಂಫನಿಗೆ ಅದು ಸುಮಾರು 2 ಸೆಕೆಂಡ್ ಬೇಕು. ಮಾತಿಗೆ 1 ಸೆಕೆಂಡ್ ಸಾಕು. ಜಾಸ್ತಿಯಾದರೆ ಡೈಲಾಗ್ ಕಲಸಿಹೋಗುತ್ತದೆ. ಅದಕ್ಕೇ ಸಿನಿಮಾ ಹಾಲ್‌ನ ಗೋಡೆಗೆ ಬಟ್ಟೆ, ಕೂರಲು ಮೆತ್ತನೆ ಸೀಟು. ಅಲ್ಲಿ ತಂಬೂರಿ ಒಣಗಿದಂತೆ ಕೇಳುತ್ತದೆ. ಬಟ್ಟೆ ತೆಗೆದು ಗಾರೆ ಅಥವಾ ದಪ್ಪ ಮರದ ಹಲಗೆ ಹಾಕಿದರೆ ಗುಂಗು ವಾಪಸ್ ಬರುತ್ತದೆ. ಆದರೆ ಅತಿಯಾದರೆ ತಬಲಾದ ಬೋಲ್, ಅಂದರೆ ಒಂದೊಂದು ಪೆಟ್ಟಿನ ನಾದ ಕೆಡುತ್ತದೆ.

ಕಲಬುರಗಿಯ ಎಸ್.ಎಂ. ಪಂಡಿತ್ ರಂಗಮಂದಿರ ಖಾಲಿ ಇದ್ದಾಗ ಸುಮ್ನೆ ಒಂದು ಚಪ್ಪಾಳೆ ತಟ್ಟಿ ನೋಡಿ, ಗುಂಗು ಅಂದರೇನು ಅಂತ ಅಂದಾಜು ಸಿಗುತ್ತದೆ. ನನ್ನ ಕೇಳಿದರೆ, ಮೊದಲು ಎಸಿ, ಫ್ಯಾನ್ ಸದ್ದು ಅಡಗಿಸಿ. ನಮ್ಮ ಬಿಸಿಲಿಗೆ ಅವನ್ನು ಆರಿಸೋಕಂತೂ ಆಗಲ್ಲ, ಅಲ್ವಾ?